ಕಟ್ಟಿದವರು ಕೈಬಿಟ್ಟ ಮೇಲೆ ಲೈಬ್ರರಿಯ ಹೊಣೆ ಯಾರದು?

2018ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ‘ಇವೆಂಟ್-ಸ್ಟ್ರೀಮ್’ ಎಂಬ ಲೈಬ್ರರಿಯೊಂದು (ಇತರ ತಂತ್ರಾಂಶಗಳು ಎತ್ತಿ ಬಳಸುವ ಸಿದ್ಧ ಕೋಡಿನ ಕಟ್ಟು) ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಅದನ್ನು ಬರೆದಿದ್ದ ಡೊಮಿನಿಕ್ ಟಾರ್ ತಾವೇ ಅದನ್ನು ಬಳಸುವುದನ್ನು ಬಿಟ್ಟು ವರ್ಷಗಳಾಗಿದ್ದವು, ಆದರೂ ಅದು ವಾರಕ್ಕೆ ಹದಿನೈದು-ಇಪ್ಪತ್ತು ಲಕ್ಷ ಬಾರಿ ಡೌನ್‌ಲೋಡ್ ಆಗುತ್ತಿತ್ತು. ಪರಿಚಯವಿಲ್ಲದ ಒಬ್ಬರು ಇಮೇಲ್ ಬರೆದು, ಇನ್ನು ಮುಂದೆ ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು; ಟಾರ್ ಒಪ್ಪಿ ಹಕ್ಕನ್ನು ಬಿಟ್ಟುಕೊಟ್ಟರು. ಹೊಸಬರು ಸೆಪ್ಟೆಂಬರ್‌ನಲ್ಲಿ ‘ಫ್ಲಾಟ್‌ಮ್ಯಾಪ್-ಸ್ಟ್ರೀಮ್’ ಎಂಬ ಇನ್ನೊಂದು ಚಿಕ್ಕ ಪ್ಯಾಕೇಜನ್ನು, ಅಂದರೆ ಹಂಚಲು ಕಟ್ಟಿಟ್ಟ ಲೈಬ್ರರಿಯನ್ನು, ಅದಕ್ಕೆ ಜೋಡಿಸಿದರು. ಆಗ ಅದರಲ್ಲಿ ಅನುಮಾನಪಡುವಂಥದ್ದೇನೂ ಇರಲಿಲ್ಲ. ಅಕ್ಟೋಬರ್‌ನಲ್ಲಿ ಆ ಚಿಕ್ಕ ಪ್ಯಾಕೇಜಿನ ಹೊಸ ಆವೃತ್ತಿ ಬಂತು. ಅದರೊಳಗೆ ಗೂಢಲಿಪಿಯಲ್ಲಿ ಸುತ್ತಿಟ್ಟ ಕೋಡ್ ಇತ್ತು, ಅದನ್ನು ಬಿಚ್ಚುವ ಕೀಲಿಯೋ ‘ಕೋಪೇ’ ಎಂಬ ಬಿಟ್‌ಕಾಯಿನ್ ವ್ಯಾಲೆಟ್ಟಿನ ವಿವರಣೆಯ ಸಾಲೇ ಆಗಿತ್ತು. ಹೀಗಾಗಿ ಬೇರೆಲ್ಲರ ಕಂಪ್ಯೂಟರುಗಳಲ್ಲಿ ಸುಮ್ಮನೆ ಮಲಗಿರುತ್ತಿದ್ದ ಆ ಕೋಡ್, ಆ ಒಂದು ತಂತ್ರಾಂಶವನ್ನು ಕಟ್ಟುವ ಕಡೆ ಮಾತ್ರ ಎದ್ದು, ಬಳಕೆದಾರರ ಖಾಸಗಿ ಕೀಲಿಗಳನ್ನು ಕದಿಯಲು ಹೊಂಚು ಹಾಕುತ್ತಿತ್ತು. ನವೆಂಬರ್‌ನಲ್ಲಿ ಇದು ಬಯಲಾಗಲು ಕಾರಣವಾದದ್ದು ಒಂದೇ ಒಂದು ಸಾಲಿನ ಎಚ್ಚರಿಕೆ. ಆ ಕೋಡ್ ಬಳಸುತ್ತಿದ್ದ ಗೂಢಲಿಪಿ ಫಂಕ್ಷನ್ ಹಳತಾಗಿದ್ದರಿಂದ ಜಾವಾಸ್ಕ್ರಿಪ್ಟ್ ಕೋಡನ್ನು ಓಡಿಸುವ ‘ನೋಡ್’ ಪ್ರತಿ ಸಲವೂ ಗೊಣಗುತ್ತಿತ್ತು. ಈ ಗೊಣಗಾಟ ಎಲ್ಲಿಂದ ಎಂದು ಹುಡುಕುತ್ತಾ ಹೋದವರಿಗೆ ಉಳಿದದ್ದೆಲ್ಲ ಸಿಕ್ಕಿತು.

ಸಿಟ್ಟೆಲ್ಲ ಟಾರ್ ಅವರ ಮೇಲೆ ತಿರುಗಿತು. ಗುರುತು ಪರಿಚಯವಿಲ್ಲದವರಿಗೆ ಹೇಗೆ ಕೊಟ್ಟಿರಿ ಎಂದು ಕೇಳಿದವರಿಗೆ ಅವರು, ಇದರಿಂದ ತನಗೆ ಏನೂ ಸಿಗುತ್ತಿರಲಿಲ್ಲ, ತಾನು ಬಳಸುತ್ತಲೂ ಇರಲಿಲ್ಲ, ನೋಡಿಕೊಳ್ಳುತ್ತೇನೆ ಎಂದವರಿಗೆ ಕೊಟ್ಟೆ ಎಂದು ನೇರವಾಗಿ ಹೇಳಿದರು. ಅವರನ್ನು ದೂರುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಉಚಿತವಾಗಿ ಕೊಟ್ಟ ಕೋಡನ್ನು ಜೀವನಪೂರ್ತಿ ಕಾಯಬೇಕೆಂದು ಯಾರೂ ಅವರೊಂದಿಗೆ ಕರಾರು ಮಾಡಿಕೊಂಡಿರಲಿಲ್ಲ; ಕಾಯಲಾಗದಿದ್ದಾಗ ಯಾರ ಕೈಗೆ, ಯಾವ ಕ್ರಮದಲ್ಲಿ ಒಪ್ಪಿಸಬೇಕೆಂದು ಅವರ ಭಾಷೆಯ ಸಮುದಾಯ ಒಂದು ದಾರಿಯನ್ನೂ ಹಾಕಿಕೊಟ್ಟಿರಲಿಲ್ಲ. ಲೈಬ್ರರಿಯನ್ನು ಹಂಚುವುದು ಇಂದು ಒಂದು ನಿಮಿಷದ ಕೆಲಸ, ಅದನ್ನು ಸುಸ್ಥಿತಿಯಲ್ಲಿಡುವುದು ವರ್ಷಗಳ ಕೆಲಸ. ಪ್ರೋಗ್ರಾಮಿಂಗ್ ಭಾಷೆಗಳ ಭಂಡಾರಗಳು ಆ ಒಂದು ನಿಮಿಷವನ್ನು ಸುಲಭ ಮಾಡಲು ಪಟ್ಟಷ್ಟು ಶ್ರಮವನ್ನು ಹಸ್ತಾಂತರದ ದಿನಕ್ಕಾಗಿ ಪಟ್ಟಿಲ್ಲ. ಕಳೆದ ಹತ್ತು ವರ್ಷಗಳ ದೊಡ್ಡ ಅನಾಹುತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಹೆಚ್ಚಿನವು ಈ ಕೊರತೆಯ ಬಳಿಗೇ ಬಂದು ನಿಲ್ಲುತ್ತವೆ.

ಹೊರಗಿನವರಿಗೆ ಈ ವ್ಯವಸ್ಥೆಯ ಪರಿಚಯ ಸ್ವಲ್ಪ ಬೇಕಾಗಬಹುದು. ಯಾವ ಪ್ರೋಗ್ರಾಮಿಂಗ್ ಭಾಷೆಯೂ ಎಲ್ಲವನ್ನೂ ತನ್ನೊಳಗೆ ಇಟ್ಟುಕೊಂಡು ಬರುವುದಿಲ್ಲ. ದಿನಾಂಕ ಓದುವುದು, ಚಿತ್ರ ಕುಗ್ಗಿಸುವುದು, ನಕ್ಷೆ ಬಿಡಿಸುವುದು ಇಂಥ ಕೆಲಸಗಳಿಗೆ ಬಳಕೆದಾರರೇ ಬರೆದು ಹಂಚಿಕೊಂಡ ಲೈಬ್ರರಿಗಳಿರುತ್ತವೆ. ಅವುಗಳೆಲ್ಲ ಒಂದು ಸಾರ್ವಜನಿಕ ಭಂಡಾರದಲ್ಲಿ ಸೇರುತ್ತವೆ: ಪರ್ಲ್ ಭಾಷೆಗೆ 1995ರಿಂದ ‘ಸಿಪ್ಯಾನ್’, ಆರ್ ಭಾಷೆಗೆ 1997ರಿಂದ ‘ಕ್ರ್ಯಾನ್’, ಪೈಥಾನ್‌ಗೆ 2003ರಿಂದ ‘ಪೈಪಿಐ’, ಜಾವಾಸ್ಕ್ರಿಪ್ಟ್‌ಗೆ 2010ರಿಂದ ‘ಎನ್‌ಪಿಎಂ’. ಒಂದು ಲೈಬ್ರರಿ ಇನ್ನು ಹತ್ತನ್ನು ನೆಚ್ಚಿಕೊಂಡಿರುತ್ತದೆ, ಆ ಹತ್ತು ಮತ್ತೆ ನೂರನ್ನು. ಒಂದು ಸಾಧಾರಣ ಜಾಲತಾಣ ಕಟ್ಟಲು ಹೊರಟವರ ಕಂಪ್ಯೂಟರಿಗೆ ಸಾವಿರ ಪ್ಯಾಕೇಜುಗಳು ಇಳಿದರೂ ಅದರಲ್ಲಿ ಅಚ್ಚರಿಯಿಲ್ಲ, ಅವರು ಹೆಸರು ಹೇಳಿ ಕೇಳಿದ್ದು ಇಪ್ಪತ್ತೋ ಮೂವತ್ತೋ ಇರಬಹುದು. ಬರೆದ ಕೋಡ್ ಮುಟ್ಟದೆ ಇಟ್ಟರೂ ಹಾಳಾಗುತ್ತದೆ ಎಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತು. ಭಾಷೆಯ ಹೊಸ ಆವೃತ್ತಿ ಬರುತ್ತದೆ, ಕೆಳಗಿನ ಲೈಬ್ರರಿ ಬದಲಾಗುತ್ತದೆ, ಹೊಸ ಪ್ರೊಸೆಸರ್ ಬರುತ್ತದೆ, ನಿನ್ನೆ ಸುರಕ್ಷಿತವೆನಿಸಿದ್ದು ಇಂದು ಬಿರುಕೆನಿಸುತ್ತದೆ. ಅದನ್ನೆಲ್ಲ ಗಮನಿಸುತ್ತಾ ಕೂರುವವರನ್ನೇ ಮೇಂಟೇನರ್ ಎನ್ನುವುದು.

ಲೈಬ್ರರಿ ಯಾರ ಸೊತ್ತು ಎಂಬ ಪ್ರಶ್ನೆ ಜಗತ್ತಿನ ಮುಂದೆ ಬಯಲಿಗೆ ಬಿದ್ದದ್ದು 2016ರ ಮಾರ್ಚ್ 22ರಂದು. ಅಜೆರ್ ಕೊಚುಲು ಎಂಬ ಪ್ರೋಗ್ರಾಮರ್ ‘ಕಿಕ್’ ಎಂಬ ಹೆಸರಿನ ಪ್ಯಾಕೇಜ್ ಇಟ್ಟುಕೊಂಡಿದ್ದರು. ಅದೇ ಹೆಸರಿನ ಮೆಸೇಜಿಂಗ್ ಕಂಪನಿ ಆ ಹೆಸರನ್ನು ಕೇಳಿತು, ಎನ್‌ಪಿಎಂ ಆ ಕಂಪನಿಯ ಪರವಾಗಿ ತೀರ್ಮಾನಿಸಿತು. ನೊಂದ ಕೊಚುಲು ತಮ್ಮ 273 ಪ್ಯಾಕೇಜುಗಳನ್ನೂ ಭಂಡಾರದಿಂದ ತೆಗೆದುಹಾಕಿದರು. ಅವುಗಳಲ್ಲೊಂದು ‘ಲೆಫ್ಟ್-ಪ್ಯಾಡ್’. 5 ಎಂಬುದನ್ನು 005 ಎಂದು ಬರೆಯಬೇಕಾದರೆ ಎಡಗಡೆ ಎರಡು ಸೊನ್ನೆ ಸೇರಿಸಬೇಕಲ್ಲ, ಅಷ್ಟೇ ಅದರ ಕೆಲಸ. ಹನ್ನೊಂದು ಸಾಲಿನ ಕೋಡ್. ಆ ಹನ್ನೊಂದು ಸಾಲು ಕಾಣೆಯಾದ ಕೂಡಲೇ ಬೇಬಲ್‌ನಂಥ ದೊಡ್ಡ ಸಾಧನಗಳನ್ನು ನೆಚ್ಚಿಕೊಂಡಿದ್ದ ಸಾವಿರಾರು ಯೋಜನೆಗಳು ಕಟ್ಟಲಾಗದೆ ನಿಂತವು. ಎರಡು-ಮೂರು ಗಂಟೆಯೊಳಗೆ ಎನ್‌ಪಿಎಂ ಆ ಪ್ಯಾಕೇಜನ್ನು ಲೇಖಕರ ಒಪ್ಪಿಗೆಗೆ ಕಾಯದೆ ಮತ್ತೆ ತಂದಿಟ್ಟಿತು. ನಂತರ ನಿಯಮವೂ ಬದಲಾಯಿತು: ಪ್ರಕಟವಾಗಿ ಕೆಲವು ದಿನ ದಾಟಿದ, ಇತರರು ಬಳಸುತ್ತಿರುವ ಪ್ಯಾಕೇಜನ್ನು ಬರೆದವರೂ ಇಷ್ಟಬಂದಂತೆ ಅಳಿಸುವ ಹಾಗಿಲ್ಲ. ಆ ದಿನದಿಂದ ಲೈಬ್ರರಿ ಬಳಕೆಯ ಮಟ್ಟಿಗೆ ಸಮುದಾಯದ್ದಾಯಿತು. ಹೊಣೆಯ ಮಟ್ಟಿಗೆ ಮಾತ್ರ ಹಿಂದಿನಂತೆಯೇ ಒಬ್ಬರದಾಗಿ ಉಳಿಯಿತು, ಮತ್ತು ಈ ಅರ್ಧ ಬದಲಾವಣೆಯೇ ಎರಡು ವರ್ಷದ ನಂತರ ಇವೆಂಟ್-ಸ್ಟ್ರೀಮ್ ಪ್ರಕರಣಕ್ಕೆ ಎಡೆಮಾಡಿಕೊಟ್ಟಿತು.

ಹಳೆಯ ಭಾಷೆಗಳ ಸಮುದಾಯಗಳು ಈ ಕಷ್ಟವನ್ನು ಮೊದಲೇ ಕಂಡಿದ್ದವು. ಪರ್ಲ್‌ನವರ ಅಪ್‌ಲೋಡ್ ವ್ಯವಸ್ಥೆಯಲ್ಲಿ ‘ಅಡಾಪ್ಟ್‌ಮಿ’, ‘ಹ್ಯಾಂಡ್‌ಆಫ್’, ‘ನೀಡ್‌ಹೆಲ್ಪ್’ ಎಂಬ ಮೂರು ಹೆಸರುಗಳಿವೆ. ಯಾರದ್ದೂ ಅಲ್ಲದ ಖಾತೆಗಳು ಅವು. ಮಾಡ್ಯೂಲ್ ಬರೆದವರಿಗೆ ಬಿಡುವಿಲ್ಲದಿದ್ದರೆ ಅದರ ಮೇಲಿನ ಹಕ್ಕನ್ನು ಇವುಗಳಲ್ಲೊಂದಕ್ಕೆ ಕೊಡಬಹುದು. ಹಾಗೆ ಕೊಟ್ಟದ್ದು, ಇದನ್ನು ದತ್ತು ತೆಗೆದುಕೊಳ್ಳಿ, ಇದನ್ನು ಯಾರಿಗಾದರೂ ಒಪ್ಪಿಸಬೇಕಾಗಿದೆ, ನನಗೆ ಜೊತೆಗಾರರು ಬೇಕಾಗಿದ್ದಾರೆ ಎಂದು ಎಲ್ಲರಿಗೂ ಕಾಣುವಂತೆ ಸಾರುತ್ತದೆ. ಅದರ ಮೇಲೆ ವ್ಯವಸ್ಥಾಪಕರು ಕೇಳಿ ಬಂದವರನ್ನು ವಿಚಾರಿಸಿ ಹಕ್ಕು ಕೊಡುತ್ತಾರೆ. ಹಳೆಯ ಆವೃತ್ತಿಗಳೆಲ್ಲ ಬೇರೊಂದು ಸಂಗ್ರಹದಲ್ಲಿ ಉಳಿಯುತ್ತವೆ, ಹೊಸದಾಗಿ ಸೇರಿದ್ದನ್ನು ಸ್ವಯಂಸೇವಕರು ತಮ್ಮ ತಮ್ಮ ಯಂತ್ರಗಳಲ್ಲಿ ಓಡಿಸಿ ವರದಿ ಕಳಿಸುತ್ತಾರೆ. ಬಳಲಿದವರು ನಾಚಿಕೆಯಿಲ್ಲದೆ ಕೈಯೆತ್ತಲು ಒಂದು ಜಾಗ ಇರಬೇಕೆಂಬುದನ್ನು ಇಷ್ಟು ಸರಳವಾಗಿ ಆಗುಮಾಡಿದ ಇನ್ನೊಂದು ಭಂಡಾರವನ್ನು ನಾನು ಕಂಡಿಲ್ಲ.

ಕ್ರ್ಯಾನ್ ಹಿಡಿದ ದಾರಿ ಇದಕ್ಕಿಂತ ಬಿಗಿಯಾದದ್ದು. ಸಂಖ್ಯಾಶಾಸ್ತ್ರಜ್ಞರು, ಜೀವವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಬಳಸುವ ಆರ್ ಭಾಷೆಯ ಈ ಭಂಡಾರ ವಿಯೆನ್ನಾದಲ್ಲಿ ಕರ್ಟ್ ಹಾರ್ನಿಕ್ ಮತ್ತು ಫ್ರೀಡ್ರಿಶ್ ಲೈಶ್ ಅವರಿಂದ ಶುರುವಾಯಿತು. ಇಂದು ಅದರಲ್ಲಿ 20,000ಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಪ್ರತಿ ಪ್ಯಾಕೇಜಿನೊಳಗೂ ‘ಡಿಸ್ಕ್ರಿಪ್ಷನ್’ ಎಂಬ ಕಡತವಿರುತ್ತದೆ, ಅದರಲ್ಲಿ ‘ಮೇಂಟೇನರ್’ ಎಂಬ ಸಾಲಿರುತ್ತದೆ. ಆ ಸಾಲಿನಲ್ಲಿ ಒಬ್ಬ ವ್ಯಕ್ತಿಯ ಹೆಸರು ಮತ್ತು ಇಮೇಲ್ ಇರಲೇಬೇಕು. ಸಂಸ್ಥೆಯ ಹೆಸರಾಗಲಿ ಗುಂಪಿನ ವಿಳಾಸವಾಗಲಿ ನಡೆಯುವುದಿಲ್ಲ. ಆ ಹೆಸರು ಬದಲಾಗಬೇಕಾದರೆ ಸಾಧ್ಯವಾದಷ್ಟು ಮಟ್ಟಿಗೆ ಹಿಂದಿನವರ ಹಳೆಯ ವಿಳಾಸದಿಂದಲೇ ಒಪ್ಪಿಗೆ ಬರಬೇಕು. ಹೊಸ ಆವೃತ್ತಿ ಸಲ್ಲಿಸಿದಾಗ ಆ ಪ್ಯಾಕೇಜನ್ನಷ್ಟೇ ಪರೀಕ್ಷಿಸಿ ಬಿಡುವುದಿಲ್ಲ, ಅದನ್ನು ನೆಚ್ಚಿಕೊಂಡ ಇತರ ಪ್ಯಾಕೇಜುಗಳೂ ಇನ್ನೂ ಓಡುತ್ತವೆಯೇ ಎಂದು ನೋಡುತ್ತಾರೆ. ನಿಮ್ಮ ಬದಲಾವಣೆಯಿಂದ ಬೇರೆಯವರ ಕೆಲಸ ಕೆಡುವುದಿದ್ದರೆ ಕನಿಷ್ಠ ಎರಡು ವಾರ ಮೊದಲು ಅವರಿಗೆ ತಿಳಿಸಿ, ತಿದ್ದಿಕೊಳ್ಳಲು ಸಮಯ ಕೊಡಬೇಕೆಂಬುದು ಬರಹದಲ್ಲಿರುವ ನಿಯಮ. ಪರೀಕ್ಷೆಯಲ್ಲಿ ದೋಷ ಕಂಡು, ಗಡುವಿನೊಳಗೆ ತಿದ್ದದಿದ್ದರೆ ಪ್ಯಾಕೇಜು ಹಳೆಯ ಕಡತಗಳ ಕೋಣೆಗೆ ಹೋಗುತ್ತದೆ. ಕೆಲವು ಪ್ಯಾಕೇಜುಗಳಲ್ಲಿ ಮೇಂಟೇನರ್ ಎಂಬ ಸಾಲಿನ ಮುಂದೆ ‘ಆರ್ಫನ್ಡ್’ ಎಂಬ ಒಂದೇ ಪದ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನಿಂತಿರುತ್ತದೆ. ಅನಾಥ ಎಂದು ಅರ್ಥ. ಅದನ್ನು ಓದಿದವರಿಗೆ, ಇದನ್ನು ನೆಚ್ಚುವ ಮೊದಲು ಯೋಚಿಸಿ ಎಂಬುದೂ ತಿಳಿಯುತ್ತದೆ, ಇಷ್ಟವಿದ್ದರೆ ನೀವೇ ಕೈಗೆತ್ತಿಕೊಳ್ಳಬಹುದು ಎಂಬುದೂ ತಿಳಿಯುತ್ತದೆ.

ಈ ಬಿಗಿಯ ಫಲವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ, ಏಕೆಂದರೆ ಅನಾಹುತಗಳು ಸುದ್ದಿಯಾಗುತ್ತವೆ, ಚೆನ್ನಾಗಿ ಮುಗಿದ ಕೆಲಸ ಸುದ್ದಿಯಾಗುವುದಿಲ್ಲ. ನಕ್ಷೆ ಮತ್ತು ಭೂಮಾಹಿತಿಯ ಮೇಲೆ ಆರ್‌ನಲ್ಲಿ ಕೆಲಸ ಮಾಡುವವರಿಗೆ ಬಹುಕಾಲ ‘ಆರ್‌ಜಿಡಾಲ್’, ‘ಆರ್‌ಜಿಯೋಸ್’, ‘ಮ್ಯಾಪ್‌ಟೂಲ್ಸ್’ ಎಂಬ ಮೂರು ಪ್ಯಾಕೇಜುಗಳೇ ಆಧಾರ. ಇವನ್ನು ನೋಡಿಕೊಳ್ಳುತ್ತಿದ್ದವರು ನಾರ್ವೆಯ ಬರ್ಗೆನ್ ನಗರದ ಪ್ರಾಧ್ಯಾಪಕ ರೋಜರ್ ಬಿವಂಡ್. ತಾವು ನಿವೃತ್ತಿಯಾಗುವವರು, ಇವುಗಳ ಒಳಗಿರುವುದು ಹಳೆಯ ವಿನ್ಯಾಸ, ಇನ್ನೊಬ್ಬರ ಮೇಲೆ ಈ ಹೊರೆ ಹೊರಿಸುವುದಕ್ಕಿಂತ ಇವನ್ನು ಮುಗಿಸುವುದೇ ಮೇಲು ಎಂದು ಅವರೂ ಜೊತೆಗಾರರೂ ನಿರ್ಧರಿಸಿದರು. ಎಡ್ಜೆರ್ ಪೆಬೆಸ್ಮಾ ಅವರ ‘ಎಸ್ಎಫ್’, ರಾಬರ್ಟ್ ಹೈಮನ್ಸ್ ಅವರ ‘ಟೆರ್ರಾ’ ಎಂಬ ಹೊಸ ಪ್ಯಾಕೇಜುಗಳು ಅಷ್ಟರಲ್ಲಿ ಬೆಳೆದು ನಿಂತಿದ್ದವು. 2022ರ ಏಪ್ರಿಲ್‌ನಲ್ಲೇ ಎಲ್ಲರಿಗೂ ಸೂಚನೆ ಹೋಯಿತು. ಹಳೆಯ ಪ್ಯಾಕೇಜನ್ನು ತೆರೆದಾಗಲೆಲ್ಲ ಇದು ಇಂಥ ವರ್ಷ ನಿಲ್ಲುತ್ತದೆ, ಇಂಥದ್ದಕ್ಕೆ ದಾಟಿಕೊಳ್ಳಿ ಎಂಬ ಸಾಲು ಕಾಣಿಸಿಕೊಳ್ಳತೊಡಗಿತು. ಇವನ್ನು ನೆಚ್ಚಿಕೊಂಡಿದ್ದ ನೂರಾರು ಪ್ಯಾಕೇಜುಗಳ ಮೇಂಟೇನರುಗಳಿಗೆ ಏನನ್ನು ಹೇಗೆ ಬದಲಿಸಬೇಕೆಂದು ತಿಳಿಸಲಾಯಿತು. 2023ರ ಅಕ್ಟೋಬರ್‌ನಲ್ಲಿ ಮೂರೂ ಪ್ಯಾಕೇಜುಗಳು ಭಂಡಾರದ ಮುಂಭಾಗದಿಂದ ಹಿಂದೆ ಸರಿದವು. ಕಟ್ಟಿದವರೇ ಬಾಗಿಲು ಹಾಕಿ, ಕೀಲಿಯನ್ನು ಯಾರಿಗೂ ಕೊಡದೆ, ಊಟಕ್ಕೆ ಬಂದವರಿಗೆಲ್ಲ ಪಕ್ಕದ ಮನೆಯಲ್ಲಿ ಎಲೆ ಹಾಕಿಸಿ ಹೋದಂತೆ. ಕೋಡನ್ನು ನಿಲ್ಲಿಸುವುದೂ ಮೇಂಟೇನರರ ಕೆಲಸದ ಒಂದು ಭಾಗವೆಂದು ಒಪ್ಪಿಕೊಂಡ ಸಮುದಾಯದಲ್ಲಿ ಮಾತ್ರ ಇದು ಸಾಧ್ಯ.

ಈ ವ್ಯವಸ್ಥೆಗೆ ಬೆಲೆಯೂ ಇದೆ. ಕ್ರ್ಯಾನ್ ನಡೆಸುವ ಕೆಲವೇ ಸ್ವಯಂಸೇವಕರ ಮೇಲೆ ಬೀಳುವ ಭಾರ ದೊಡ್ಡದು; ದೋಷ ತಿದ್ದುವ ಗಡುವು ಹೆರಿಗೆ ರಜೆಯಲ್ಲಿರುವವರಿಗೂ ಪ್ರಬಂಧ ಮುಗಿಸುತ್ತಿರುವ ವಿದ್ಯಾರ್ಥಿಗೂ ಒಂದೇ. ಒಂದು ಪ್ಯಾಕೇಜು ಬಿದ್ದರೆ ಅದನ್ನು ನೆಚ್ಚಿದವೂ ಸಾಲಾಗಿ ಬೀಳುವ ಅಪಾಯವಿರುತ್ತದೆ. ಇಪ್ಪತ್ತು ಸಾವಿರಕ್ಕೆ ಹೊಂದುವ ಈ ಕ್ರಮವನ್ನು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ಯಾಕೇಜುಗಳಿರುವ ಎನ್‌ಪಿಎಂಗೆ ಹಾಗೆಯೇ ಹೊದಿಸಲು ಬರುವುದಿಲ್ಲ.

ಪೈಥಾನ್ ನಡುದಾರಿಯೊಂದನ್ನು ಹುಡುಕಿದೆ. 2018ರಲ್ಲಿ ಒಪ್ಪಿಗೆ ಪಡೆದ ‘ಪೆಪ್ 541’ ಎಂಬ ನಿಯಮಪತ್ರದ ಪ್ರಕಾರ, ಒಂದು ಯೋಜನೆ ತೊರೆದುಹೋಗಿದೆ ಎನ್ನಬೇಕಾದರೆ ಹನ್ನೆರಡು ತಿಂಗಳಿಂದ ಹೊಸ ಆವೃತ್ತಿ ಬಂದಿರಬಾರದು, ಅದರ ಮುಖಪುಟದಲ್ಲಿ ಮಾಲೀಕರ ಚಟುವಟಿಕೆ ಇರಬಾರದು, ಆರು ವಾರಗಳಲ್ಲಿ ಕನಿಷ್ಠ ಮೂರು ಸಲ ಸಂಪರ್ಕಿಸಿದರೂ ಮಾಲೀಕರು ಸಿಗದಿರಬೇಕು. ಆಮೇಲೆಯೇ ಕೇಳಿದವರಿಗೆ ಹೆಸರನ್ನು ಕೊಡುವ ವಿಚಾರ. ಒಳ್ಳೆಯ ನಿಯಮ, ಆದರೆ ಮುಂಬಾಗಿಲಿನಿಂದ ಬರುವವರಿಗೆ ಮಾತ್ರ ಅನ್ವಯಿಸುವಂಥದ್ದು. 2022ರ ಮೇ ತಿಂಗಳಲ್ಲಿ ‘ಸಿಟಿಎಕ್ಸ್’ ಎಂಬ ಪ್ಯಾಕೇಜಿಗೆ ಏನಾಯಿತು ನೋಡಿ. 2014ರ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರ ಮಾಲೀಕರ ಇಮೇಲ್ ಒಂದು ಸ್ವಂತ ಡೊಮೇನಿನಲ್ಲಿ, ಅಂದರೆ ಇಂತಿಷ್ಟು ಅವಧಿಗೆ ಹಣ ಕೊಟ್ಟು ಪಡೆದ ಜಾಲವಿಳಾಸದಲ್ಲಿತ್ತು, ಆ ಡೊಮೇನಿನ ಅವಧಿ ಮುಗಿದಿತ್ತು. ಯಾರೋ ಆ ಡೊಮೇನನ್ನು ಅಲ್ಪ ಹಣಕ್ಕೆ ಕೊಂಡು, ಅದೇ ಇಮೇಲ್ ವಿಳಾಸವನ್ನು ಮತ್ತೆ ಸೃಷ್ಟಿಸಿ, ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರು. ಕೀಲಿ ಅವರ ಕೈಗೆ ಬಂತು. ಹೊಸ ಆವೃತ್ತಿ ಬಳಸಿದವರ ಗುಪ್ತ ಮಾಹಿತಿ ಅವರ ಸರ್ವರಿಗೆ ಹೋಗತೊಡಗಿತು. 2024ರ ಜನವರಿಯಿಂದ ಪೈಪಿಐ ತನ್ನ ಪ್ಯಾಕೇಜ್ ಪ್ರಕಟಿಸುವವರಿಗೆಲ್ಲ ಎರಡು ಹಂತದ ದೃಢೀಕರಣವನ್ನು ಕಡ್ಡಾಯ ಮಾಡಿದೆ, 2025ರಿಂದ ಅವಧಿ ಮುಗಿದ ಡೊಮೇನುಗಳ ಮೇಲೆ ಕಣ್ಣಿಟ್ಟು ಅಂಥ ಇಮೇಲ್‌ಗಳನ್ನು ನಂಬುವುದನ್ನು ನಿಲ್ಲಿಸುತ್ತಿದೆ.

ಎರಡು ಹಂತದ ದೃಢೀಕರಣವೂ ಒಬ್ಬರೇ ಇರುವ ಕಡೆ ಎಷ್ಟು ತೆಳುವಾದ ಗೋಡೆ ಎಂಬುದು 2025ರ ಸೆಪ್ಟೆಂಬರ್ 8ರಂದು ಗೊತ್ತಾಯಿತು. ಎನ್‌ಪಿಎಂನ ಒಬ್ಬ ಮೇಂಟೇನರಿಗೆ, ನಿಮ್ಮ ದೃಢೀಕರಣವನ್ನು ನವೀಕರಿಸಿ, ಇಲ್ಲವಾದರೆ ಖಾತೆ ಮುಚ್ಚುತ್ತದೆ ಎಂಬ ನಕಲಿ ಇಮೇಲ್ ಬಂತು. ಕೆಲಸದ ಗಡಿಬಿಡಿಯಲ್ಲಿ ಯಾರಾದರೂ ಒತ್ತಿಬಿಡುವಂಥದ್ದು ಅದು. ‘ಚಾಕ್’, ‘ಡೀಬಗ್’ ಸೇರಿ 18 ಪ್ಯಾಕೇಜುಗಳ ಕೀಲಿ ಕಳ್ಳರ ಪಾಲಾಯಿತು, ಆ 18 ಪ್ಯಾಕೇಜುಗಳ ಒಟ್ಟು ಡೌನ್‌ಲೋಡ್ ವಾರಕ್ಕೆ 200 ಕೋಟಿಗೂ ಮೀರಿದ್ದು. ಎರಡೇ ಗಂಟೆಯಲ್ಲಿ ಅದು ಪತ್ತೆಯಾದದ್ದು ನಮ್ಮೆಲ್ಲರ ಪುಣ್ಯ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ‘ಎಕ್ಸ್‌ಝಡ್’ ಪ್ರಕರಣ. ಅದು ಕಡತಗಳನ್ನು ಕುಗ್ಗಿಸುವ, ಸಿ ಭಾಷೆಯ ಲೈಬ್ರರಿ. ಸಿ ಭಾಷೆಗೆ ಇಂಥ ಒಂದೇ ಭಂಡಾರವೆಂಬುದಿಲ್ಲ, ಆದರೆ ಹಸ್ತಾಂತರದ ಕಷ್ಟ ಅಲ್ಲಿಯೂ ಅದೇ. ಫಿನ್ಲೆಂಡಿನ ಲಾಸ್ಸೆ ಕೊಲಿನ್ ಬಹುತೇಕ ಒಬ್ಬರೇ ಅದನ್ನು ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲವು ಹೆಸರುಗಳು ಬಂದು, ಕೆಲಸ ನಿಧಾನವಾಗುತ್ತಿದೆ, ಬೇರೆ ಮೇಂಟೇನರನ್ನು ತನ್ನಿ ಎಂದು ಅವರ ಮೇಲೆ ಪದೇ ಪದೇ ಒತ್ತಡ ತಂದವು. ಮಾನಸಿಕ ಆರೋಗ್ಯದ ತೊಂದರೆಯಿಂದ ತನಗೆ ಹೆಚ್ಚು ಮಾಡಲಾಗುತ್ತಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂಬುದನ್ನು ನೆನಪಿಡಿ ಎಂದು ಅವರು ಬರೆದರು. ಆ ಹೊತ್ತಿಗೆ ‘ಜಿಯಾ ಟಾನ್’ ಎಂಬ ಹೆಸರಿನ ಒಬ್ಬರು ತಾಳ್ಮೆಯಿಂದ ಸಹಾಯ ಮಾಡುತ್ತಿದ್ದರು. ಹಕ್ಕು ಅವರಿಗೂ ಸಿಕ್ಕಿತು. ಎರಡು ವರ್ಷಗಳ ದುಡಿಮೆಯ ನಂತರ, 2024ರ ಆರಂಭದಲ್ಲಿ, ಅದೇ ಕೈ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಹಿಂಬಾಗಿಲನ್ನು, ಅಂದರೆ ಕಂಪ್ಯೂಟರಿನೊಳಗೆ ಕದ್ದು ನುಗ್ಗುವ ದಾರಿಯನ್ನು, ಕೂರಿಸಿತು. ಈ ಆವೃತ್ತಿಯಿದ್ದ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಏಕೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಮಾರ್ಚ್ 29ರಂದು ಅದು ಲೋಕಕ್ಕೆ ತಿಳಿಯಿತು. ಜೊತೆಗಾರರು ಸಿಕ್ಕರೆ ಸಾಕು ಎಲ್ಲ ಸರಿಹೋಗುತ್ತದೆ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ಇಲ್ಲಿ ಜೊತೆಗಾರ ಸಿಕ್ಕಿದ್ದ. ಆದರೆ ಆ ಹೆಸರಿನ ಹಿಂದೆ ಯಾರಿದ್ದರು, ಎಲ್ಲಿ ಕೆಲಸ ಮಾಡುತ್ತಿದ್ದರು, ಅವರಿಗೆ ಅನ್ನ ಕೊಡುತ್ತಿದ್ದವರು ಯಾರು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಕರ್ನಾಟಕದ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದ ಮೇಲೆ ಅದರ ಹೂಳೆತ್ತಲು, ಏರಿ ಭದ್ರಪಡಿಸಲು, ತೂಬು ನೋಡಿಕೊಳ್ಳಲು ಕೆರೆಯ ಕೆಳಗಿನ ಭೂಮಿಯಿಂದಲೇ ಒಂದು ಪಾಲನ್ನು ಎತ್ತಿಡುವ ಏರ್ಪಾಟು ಅದು. ಗದ್ದೆಗಳಿಗೆ ನೀರು ಬಿಡುವ ನೀರಗಂಟಿಗೆ ಸುಗ್ಗಿಯಲ್ಲಿ ಆ ಗದ್ದೆಗಳ ರೈತರಿಂದ ಧಾನ್ಯ ಸಲ್ಲುತ್ತಿತ್ತು. ನೀರು ಕುಡಿದ ಗದ್ದೆಯೇ ಏರಿಯ ಖರ್ಚು ಹೊರಬೇಕೆಂಬ ಲೆಕ್ಕ ಇದರಲ್ಲಿದೆ. ಲೈಬ್ರರಿಗಳ ವಿಷಯದಲ್ಲಿ ತಪ್ಪಿರುವುದು ಇದೇ ಲೆಕ್ಕ. ನೀರಗಂಟಿ ಯಾರೆಂದು ಊರಿಗೆಲ್ಲ ಗೊತ್ತಿರುತ್ತಿತ್ತು ಎಂಬುದನ್ನೂ ಮರೆಯಬಾರದು.

ಗದ್ದೆಗಳು ನಮ್ಮಲ್ಲೇ ದಂಡಿಯಾಗಿವೆ. ಬೆಂಗಳೂರಿನ ಯಾವ ತಂತ್ರಾಂಶ ಕಂಪನಿಯೂ ಈ ಭಂಡಾರಗಳ ನೆರವಿಲ್ಲದೆ ಒಂದು ದಿನ ನಡೆಯುವುದಿಲ್ಲ. ಇದನ್ನು ಒಪ್ಪಿಕೊಂಡು ಕೈ ಮುಂದೆ ಚಾಚಿದವರೂ ಇದ್ದಾರೆ: ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ‘ಫ್ಲಾಸ್/ಫಂಡ್’ ಎಂಬ ನಿಧಿಯನ್ನು ಘೋಷಿಸಿ, ಜಗತ್ತಿನ ಯಾವುದೇ ಮುಕ್ತ ತಂತ್ರಾಂಶ ಯೋಜನೆಗೆ ವರ್ಷಕ್ಕೆ ಒಟ್ಟು ಹತ್ತು ಲಕ್ಷ ಡಾಲರ್, ಒಂದು ಯೋಜನೆಗೆ ಒಂದು ಲಕ್ಷ ಡಾಲರಿನವರೆಗೆ ಕೊಡುವುದಾಗಿ ಹೇಳಿತು. ಜರ್ಮನಿಯ ಸರ್ಕಾರ 2022ರಲ್ಲೇ ಸಾರ್ವಜನಿಕ ಹಣದಿಂದ ಇಂಥ ನಿಧಿ ತೆರೆದಿತ್ತು. ಇನ್ನು ಮುಂದೆ ಇದು ಔದಾರ್ಯದ ಮಾತಾಗಿ ಉಳಿಯುವುದಿಲ್ಲ. ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯೆನ್ಸ್ ಕಾಯ್ದೆ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದ್ದು, ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್‌ನಿಂದ ಅನ್ವಯಿಸುತ್ತವೆ. ಅಲ್ಲಿ ಮಾರುವ ತಂತ್ರಾಂಶದೊಳಗೆ ಸೇರಿಸಿಕೊಂಡ ಮುಕ್ತ ಲೈಬ್ರರಿಗಳ ಬಗ್ಗೆಯೂ ತಯಾರಕರು ಎಚ್ಚರ ವಹಿಸಿದ್ದಾರೆಂದು ತೋರಿಸಬೇಕಾಗುತ್ತದೆ. ಯುರೋಪಿಗೆ ಮಾರುವ ನಮ್ಮ ಕಂಪನಿಗಳಿಗೂ ಇದು ಸಲ್ಲುತ್ತದೆ.

ಹಣ ಬೇಕು, ಆದರೆ ಹಣ ಒಂದೇ ಲಾಸ್ಸೆ ಕೊಲಿನ್ ಅವರಿಗೆ ನಂಬಬಹುದಾದ ಎರಡನೆಯ ಕೈಯನ್ನು ತಂದುಕೊಡುತ್ತಿರಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಕಂಪನಿಗಳು ಕೊಡಬಹುದಾದ ಹೆಚ್ಚು ಬೆಲೆಯ ವಸ್ತುವೆಂದರೆ ತಮ್ಮ ಎಂಜಿನಿಯರುಗಳ ಕೆಲಸದ ಗಂಟೆಗಳು. ಪ್ರತಿ ಯೋಜನೆಯ ಜೊತೆಗೂ, ಅದು ಯಾವ ಯಾವ ಪ್ಯಾಕೇಜಿನ ಯಾವ ಆವೃತ್ತಿಯನ್ನು ಇಳಿಸಿಕೊಂಡಿದೆ ಎಂದು ಬರೆದಿಟ್ಟ ‘ಲಾಕ್’ ಕಡತವಿರುತ್ತದೆ. ಅದನ್ನು ತೆರೆದು, ಒಬ್ಬರೇ ಮೇಂಟೇನರ್ ಇರುವ ಪ್ಯಾಕೇಜುಗಳು ಯಾವುವೆಂದು ನೋಡಿ, ಅವುಗಳಲ್ಲಿ ತಮಗೆ ತೀರಾ ಅಗತ್ಯವಾದ ನಾಲ್ಕೈದನ್ನು ಆರಿಸಿಕೊಳ್ಳುವುದು ಒಂದು ತಂಡಕ್ಕೆ ಎರಡು ದಿನದ ಕೆಲಸ. ಒಬ್ಬ ಎಂಜಿನಿಯರ್ ತನ್ನ ನಿಜವಾದ ಹೆಸರಿನಲ್ಲಿ, ಕಂಪನಿಯ ವಿಳಾಸದಿಂದ, ಸಂಬಳದ ಹೊತ್ತಿನಲ್ಲಿ, ವಾರಕ್ಕೊಂದು ದಿನ ಅಲ್ಲಿ ದೋಷದ ವರದಿಗಳನ್ನು ಓದಿ ವಿಂಗಡಿಸಬಹುದು, ಭಾಷೆಯ ಹೊಸ ಆವೃತ್ತಿಯಲ್ಲಿ ಪರೀಕ್ಷೆಗಳನ್ನು ಓಡಿಸಬಹುದು, ಬೇರೆಯವರು ಕಳಿಸಿದ ತಿದ್ದುಪಡಿಗಳನ್ನು ಸಾಲು ಸಾಲಾಗಿ ನೋಡಬಹುದು. ಪ್ರಕಟಿಸುವ ಕೀಲಿ ಇಬ್ಬರಲ್ಲಿದ್ದು, ಒಬ್ಬರು ಕಳಿಸಿದ್ದನ್ನು ಇನ್ನೊಬ್ಬರು ಒಪ್ಪಿದ ಮೇಲೆಯೇ ಅದು ಹೊರಗೆ ಹೋಗುವಂತಾದರೆ, ಮತ್ತು ಹಂಚುವ ಕಡತ ಎಲ್ಲರಿಗೂ ಕಾಣುವ ಮೂಲ ಕೋಡಿನಿಂದ ಯಂತ್ರವೇ ಕಟ್ಟಿದ್ದಾಗಿದ್ದರೆ, ಎಕ್ಸ್‌ಝಡ್‌ನಲ್ಲಿ ನಡೆದದ್ದು ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ. ಅಲ್ಲಿ ಹಿಂಬಾಗಿಲನ್ನು ಎಬ್ಬಿಸುವ ತುಣುಕು ಸಾರ್ವಜನಿಕ ಮೂಲದಲ್ಲಿ ಇರಲೇ ಇಲ್ಲ, ಹಂಚಿದ ಕಡತದಲ್ಲಿ ಮಾತ್ರ ಇತ್ತು. ಹೀಗೆ ಒಂದೆರಡು ವರ್ಷ ಜೊತೆಗೆ ದುಡಿದ ಮೇಲೆ, ಮೂಲ ಲೇಖಕರು ಸಾಕಾಯಿತು ಎಂದ ದಿನ ಅವರ ಮುಂದಿರುವುದು ಪರಿಚಯವಿಲ್ಲದ ಒಂದು ಇಮೇಲ್ ಮಾತ್ರ ಆಗಿರುವುದಿಲ್ಲ.